ದೋಸೆ ಭಟ್ರ ವೀಸಾ ಮತ್ತು ನಮ್ಮ ಸಣ್ಣ ಹೋಟೆಲ್

ಚಳಿಗಾಲದ ಒಂದು ಸಂಜೆ. ಇಲ್ಲಿ ನಾಲ್ಕು ಗಂಟೆಗೇ ಕತ್ತಲು. ನಮ್ಮ ಭಟ್ರು ಕಾವಲಿಗೆ ನೀರು ಚಿಮುಕಿಸಿ, ಅರ್ಧ ಈರುಳ್ಳಿಯಿಂದ ಉಜ್ಜುತ್ತಾ, ನನ್ನ ಮುಖ ನೋಡದೆ ಕೇಳಿದರು. "ಅಣ್ಣ, ಆ ಹತ್ತು ವರ್ಷದ ಸುದ್ದಿ ನಮಗೂ ತಾಗ್ತದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಮ್ಮದೊಂದು ಸಣ್ಣ ಹೋಟೆಲ್ ಇದೆ, ಇಪ್ಪತ್ತೆಂಟು ಸೀಟು, ಅಷ್ಟೆ. ಅವರು ಕೇಳಿದ್ದು ಪಿಆರ್, ಅಂದರೆ ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ ಬಗ್ಗೆ. ಐದು ವರ್ಷಕ್ಕೆ ಸಿಗುತ್ತಿದ್ದ ಪಿಆರ್‌ಗೆ ಇನ್ನು ಹತ್ತು ವರ್ಷ ಕಾಯಬೇಕು ಅಂತ 2025ರ ಮೇ ತಿಂಗಳಲ್ಲಿ ಇಲ್ಲಿನ ಸರ್ಕಾರ ಪ್ರಸ್ತಾಪ ಇಟ್ಟಿತ್ತು. ಮನುಷ್ಯ ಹೆಂಡತಿ ಮಕ್ಕಳ ಲೆಕ್ಕವನ್ನೆಲ್ಲ ಆ ಐದರ ಮೇಲೆ ಹಾಕಿಕೊಂಡಿದ್ದ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೆ ಮೊದಲು, ಅದಾದ ಮೇಲೆ ನಾನು ಏನೇನು ಮಾಡಿದೆ ಅಂತ ಬರೆಯುತ್ತಿದ್ದೇನೆ. ಇಲ್ಲಿ ಅಂಗಡಿ, ಕ್ಯಾಂಟೀನ್, ಕೇಟರಿಂಗ್ ನಡೆಸುವ ನಮ್ಮವರು ಜಾಸ್ತಿ ಜನ ಇದ್ದಾರೆ, ಯಾರಿಗಾದರೂ ಉಪಯೋಗ ಆಗಬಹುದು.

ಮೊದಲು ದೊಡ್ಡ ಪೆಟ್ಟು ಯಾವುದು ಅಂತ ಹೇಳಿಬಿಡುತ್ತೇನೆ. 2025ರ ಜುಲೈ 22ರಿಂದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ, ಅಂದರೆ ಹೊರದೇಶದ ನುರಿತ ಕೆಲಸಗಾರರನ್ನು ಮಾಲೀಕರು ಕರೆಸುವ ವೀಸಾಕ್ಕೆ, ಕೆಲಸ ಡಿಗ್ರಿ ಮಟ್ಟದ್ದಾಗಿರಬೇಕು. ಅಡುಗೆಯವರ ಕೆಲಸ ಪಟ್ಟಿಯಿಂದ ಹೊರಗೆ ಬಿತ್ತು. ಸಂಬಳದ ಮಿತಿಯೂ ವರ್ಷಕ್ಕೆ 41,700 ಪೌಂಡ್‌ಗೆ ಏರಿತು, 2024ರ ಏಪ್ರಿಲ್‌ಗೆ ಮೊದಲು ಅದು 26,200 ಇತ್ತು. ಅಂದರೆ ಕುಂದಾಪುರದಿಂದಲೋ ಉಡುಪಿಯಿಂದಲೋ ಇನ್ನೊಬ್ಬರನ್ನು ಕರೆಸೋಣ ಅನ್ನುವ ಮಾತೇ ಮುಗಿಯಿತು. ಡಿಸೆಂಬರ್ ಚಳಿಗೆ ಹಿಟ್ಟು ಹುಳಿ ಬರಲ್ಲ. ಭಟ್ರು ಓವನ್ನಿನ ಒಳಗಿನ ದೀಪ ಮಾತ್ರ ಹಾಕಿ, ಪಾತ್ರೆಗೆ ಬಟ್ಟೆ ಸುತ್ತಿಟ್ಟು, ಬೆಳಿಗ್ಗೆ ಐದಕ್ಕೆ ಎದ್ದು ಬೆರಳಲ್ಲಿ ಮುಟ್ಟಿ ನೋಡುತ್ತಾರೆ. ಇದು ನುರಿತ ಕೆಲಸ ಅಲ್ಲ ಅಂತ ಕಾಗದದಲ್ಲಿ ಓದಿದಾಗ ನನಗೆ ನಿಜವಾಗಿ ಬೇಜಾರಾಯಿತು.

ಆದರೆ ಈಗಾಗಲೇ ಇಲ್ಲಿರುವವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಆ ಜುಲೈ 22ಕ್ಕೆ ಮೊದಲೇ ಈ ವೀಸಾದಲ್ಲಿ ಇದ್ದ ಅಡುಗೆಯವರು ಸದ್ಯಕ್ಕೆ ಅದೇ ಕೆಲಸದಲ್ಲಿ ವೀಸಾ ಮುಂದುವರಿಸಿಕೊಳ್ಳಬಹುದು. ಅದರಲ್ಲೂ 2024ರ ಏಪ್ರಿಲ್ 4ಕ್ಕೆ ಮೊದಲು ಈ ವೀಸಾ ಪಡೆದವರಿಗೆ ಬೇರೆ ಮಿತಿ, 31,300 ಪೌಂಡ್. ನಮ್ಮ ಭಟ್ರು ಬಂದದ್ದು 2023ರ ಫೆಬ್ರವರಿಯಲ್ಲಿ, ಸಂಬಳ 27,000. ಮೂರು ವರ್ಷದ ವೀಸಾ ಮುಗಿಯುವ ಹೊತ್ತಿಗೆ ನಾಲ್ಕು ಸಾವಿರಕ್ಕೂ ಜಾಸ್ತಿ ಏರಿಸಬೇಕಿತ್ತು, ಒಂದೇ ಸಲ. ಆರು ತಿಂಗಳು ಮೊದಲೇ ಕೂತು ಲೆಕ್ಕ ಹಾಕಿದ್ದರಿಂದ ಬದುಕಿದೆವು. ಮಸಾಲೆ ದೋಸೆಗೆ 60 ಪೆನ್ಸ್ ಏರಿಸಿದೆ, ಮಂಗಳವಾರ ರಜೆ ಮಾಡಿದೆ. ಗಿರಾಕಿಗಳು ಬಿಟ್ಟು ಹೋಗಲಿಲ್ಲ.

ಸಂಬಳ ಒಂದೇ ಅಲ್ಲ. ನಾವು ಕಟ್ಟುವಾಗ, ಹೊರಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಬೇಕಾದ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್‌ಗೆ 525 ಪೌಂಡ್. ಹಾಗೆ ಇಟ್ಟುಕೊಂಡದ್ದಕ್ಕೆ ಮಾಲೀಕರು ಸರ್ಕಾರಕ್ಕೆ ಕಟ್ಟುವ ಸ್ಕಿಲ್ಸ್ ಚಾರ್ಜ್ ನಮ್ಮಂಥ ಸಣ್ಣವರಿಗೆ ವರ್ಷಕ್ಕೆ 364 ಇದ್ದದ್ದು 2025ರ ಡಿಸೆಂಬರ್ 16ರಿಂದ 480 ಆಯಿತು. ಮೂರು ವರ್ಷಕ್ಕೆ ಎರಡೂ ಸೇರಿ 1,965. ಇದರ ಮೇಲೆ ಇಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ಕಟ್ಟುವ ಹೆಲ್ತ್ ಸರ್ಚಾರ್ಜ್ ವರ್ಷಕ್ಕೆ 1,035, ಅದನ್ನು ನೌಕರರೇ ಕಟ್ಟಬಹುದು, ಆದರೆ ನಾವು ಅರ್ಧ ಹಾಕಿದೆವು. ಇಲ್ಲಿ ಒಂದು ಮಾತು. ಒಬ್ಬ ಏಜೆಂಟ್ ನನಗೆ, "ಆ ಸರ್ಟಿಫಿಕೇಟ್, ಸ್ಕಿಲ್ಸ್ ಚಾರ್ಜ್ ದುಡ್ಡನ್ನು ತಿಂಗಳು ತಿಂಗಳು ಸಂಬಳದಲ್ಲಿ ಹಿಡ್ಕೊಳ್ಳಿ ಸರ್, ಎಲ್ಲರೂ ಹಾಗೇ ಮಾಡೋದು" ಅಂದ. ದಯವಿಟ್ಟು ಮಾಡಬೇಡಿ. ಸ್ಕಿಲ್ಸ್ ಚಾರ್ಜನ್ನು ನೌಕರರಿಂದ ವಸೂಲಿ ಮಾಡುವ ಹಾಗೇ ಇಲ್ಲ. 2024ರ ಕೊನೆಯ ದಿನದಿಂದ ಸರ್ಟಿಫಿಕೇಟ್ ಫೀಸಿಗೂ ಅದೇ ನಿಯಮ. ಸಿಕ್ಕಿಬಿದ್ದರೆ ಹೊರಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ನಮ್ಮ ಸ್ಪಾನ್ಸರ್ ಲೈಸೆನ್ಸ್ ಹೋಗುತ್ತದೆ. ಲೈಸೆನ್ಸ್ ಹೋದರೆ ಆ ಮನುಷ್ಯನಿಗೆ ಸಾಮಾನ್ಯವಾಗಿ 60 ದಿನ ಕೊಡುತ್ತಾರೆ, ಅಷ್ಟರಲ್ಲಿ ಬೇರೆ ಸ್ಪಾನ್ಸರ್ ಹುಡುಕಬೇಕು, ಇಲ್ಲ ಊರಿಗೆ ಹೊರಡಬೇಕು. ತಪ್ಪು ನಮ್ಮದು, ಗಂಟು ಮೂಟೆ ಕಟ್ಟುವವರು ಅವರು.

ಕಾಗದದ ಕೆಲಸ ಸಣ್ಣದು, ಆದರೆ ದಿನಾ ಇರುವಂಥದ್ದು. ನಾನು ಒಬ್ಬೊಬ್ಬರಿಗೆ ಒಂದೊಂದು ಫೈಲ್ ಮಾಡಿದ್ದೇನೆ. ವೀಸಾ ಮುಗಿಯುವ ದಿನ, ಪೇಸ್ಲಿಪ್, ಮನೆ ವಿಳಾಸ, ಫೋನ್ ನಂಬರ್, ರಜೆ. ಕೆಲಸದ ಜಾಗ ಬದಲಾದರೆ, ಸಂಬಳ ಕಡಿಮೆಯಾದರೆ, ಹತ್ತು ವರ್ಕಿಂಗ್ ದಿನದೊಳಗೆ ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಹೋಮ್ ಆಫೀಸಿಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಹೊಸಬರು ಯಾರೇ ಬರಲಿ, ಕೆಲಸಕ್ಕೆ ಕೈ ಹಾಕುವ ಮೊದಲೇ ಅವರಿಗೆ ಕೆಲಸದ ಅನುಮತಿ ಇದೆಯಾ ಅಂತ ಆನ್‌ಲೈನ್‌ನಲ್ಲಿ ನೋಡುವ ಶೇರ್ ಕೋಡ್ ತಗೊಂಡು ನೋಡಿ, ಆ ಪುಟ ಉಳಿಸಿಟ್ಟುಕೊಳ್ಳಿ. "ಗೊತ್ತಿರೋ ಹುಡುಗ, ನಾಳೆ ನೋಡಿದರಾಯ್ತು" ಅನ್ನಬೇಡಿ. 2024ರ ಫೆಬ್ರವರಿಯಿಂದ ಅನುಮತಿ ಇಲ್ಲದ ಒಬ್ಬರನ್ನು ಇಟ್ಟುಕೊಂಡರೆ ಮೊದಲ ಸಲಕ್ಕೇ 45,000 ಪೌಂಡ್‌ವರೆಗೆ ದಂಡ, ಎರಡನೇ ಸಲ 60,000. ಶನಿವಾರ ಭಾನುವಾರ ಬರುವ ನಮ್ಮ ವಿದ್ಯಾರ್ಥಿಗಳೂ ಇದಕ್ಕೆ ಹೊರತಲ್ಲ. ಡಿಗ್ರಿ ಮತ್ತು ಮಾಸ್ಟರ್ಸ್‌ನವರಿಗೆ ಕ್ಲಾಸ್ ನಡೆಯುವಾಗ ವಾರಕ್ಕೆ 20 ಗಂಟೆ. ಬೇರೆ ಕಡೆ ಮಾಡಿದ ಗಂಟೆಯೂ ಅದರೊಳಗೇ ಬರುತ್ತದೆ, ಹಾಗಾಗಿ ಬಾಯಿ ಬಿಟ್ಟು ಕೇಳಲೇಬೇಕು.

ಇನ್ನು ಮುಖ್ಯ ವಿಷಯ, ಕೈ ಪಳಗಿಸುವುದು. ಹೊರಗಿನಿಂದ ಜನ ಬರಲ್ಲ ಅಂದ ಮೇಲೆ ಇಲ್ಲಿರುವವರಿಗೇ ಕಲಿಸಬೇಕು, ಅಲ್ವಾ? ನಾವು ಇದನ್ನು ಎರಡು ವರ್ಷ ಮೊದಲೇ ಶುರು ಮಾಡಬೇಕಿತ್ತು. ನಮ್ಮ ಏರಿಯಾದಲ್ಲಿ ಗಂಡನ ಐಟಿ ಕೆಲಸಕ್ಕೆ ಅಂತ ಬಂದ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ, ಡಿಪೆಂಡೆಂಟ್ ವೀಸಾದಲ್ಲಿ ಅವರು ಕೆಲಸ ಮಾಡಬಹುದು. ತುಮಕೂರಿನ ಒಬ್ಬರು ತಟ್ಟೆ ತೊಳೆಯೋಕೆ ಅಂತ ಬಂದವರು, ನಾನು ಕಾವಲಿ ಹತ್ತಿರ ನಿಲ್ಲಿಸಿದೆ. ಭಟ್ರಿಗೆ ಮೊದಲು ಇಷ್ಟ ಇರಲಿಲ್ಲ. ಕಲಿಸಿಬಿಟ್ಟರೆ ತನ್ನ ಕೆಲಸ ಹೋಗುತ್ತೆ ಅನ್ನುವ ಭಯ, ಅದು ನನಗೆ ತಡವಾಗಿ ಅರ್ಥವಾಯಿತು. ಕೂರಿಸಿ ಮಾತಾಡಿದೆ, ವೀಸಾ ಮುಂದುವರಿಸುವ ಕಾಗದವನ್ನು ಅವರ ಮುಂದೆಯೇ ತೆರೆದು ತೋರಿಸಿದೆ, ಕಲಿಸುವುದಕ್ಕೆ ಅಂತ ತಿಂಗಳಿಗೆ ಸ್ವಲ್ಪ ಬೇರೆ ದುಡ್ಡು ಸೇರಿಸಿದೆ. ಆಮೇಲೆ ಅವರೇ, "ಅಕ್ಕ, ಸೌಟು ಒತ್ತಬೇಡಿ, ಸುಮ್ನೆ ತಿರುಗಿಸಿ, ಹಿಟ್ಟೇ ಹೋಗ್ತದೆ" ಅಂತ ಹೇಳಿಕೊಡೋಕೆ ಶುರು ಮಾಡಿದರು. ಮೊದಲ ವಾರ ದೋಸೆ ಎದ್ದರೆ ಅಂಚು ಇಲ್ಲ, ಅಂಚು ಬಂದರೆ ನಡುವೆ ತೂತು. ಮೂರು ತಿಂಗಳಾಯಿತು. ಈಗ ವಾರದ ಮಧ್ಯಾಹ್ನ ಪೂರ್ತಿ ಆ ತುಮಕೂರಿನ ಅಕ್ಕನದೇ ಕಾವಲಿ. ಸಾಂಬಾರ್ ಇನ್ನೂ ಭಟ್ರದೇ.

ಭಟ್ರ ವೀಸಾ ಮುಂದುವರಿಯಿತು. ಪಿಆರ್ ಪ್ರಶ್ನೆಗೆ ಮಾತ್ರ ನಾನು ಅವರಿಗೆ ಸುಳ್ಳು ಭರವಸೆ ಕೊಡಲಿಲ್ಲ. ಲೈಸೆನ್ಸ್ ಇರುವ ಇಮಿಗ್ರೇಶನ್ ವಕೀಲರ ಹತ್ತಿರ ಇಬ್ಬರೂ ಹೋದೆವು, ಫೀಸು ನಾನು ಕೊಟ್ಟೆ, ಪ್ರಶ್ನೆ ಅವರೇ ಕೇಳಿದರು, ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಂಡು ಬಂದಿದ್ದರು, ಒಟ್ಟು ಹನ್ನೊಂದು ಪ್ರಶ್ನೆ.