ಐಹೊಳಿ ಫೋಟೊ ಮತ್ತ ನಮ್ಮ ಪ್ರಾಕ್ಸಿ ಸರ್ವರ್

ಇದು 2018ರ ಮಾತ್ರಿ. ಆಗ ನಾ ಬಾಗಲಕೋಟಿ ನವನಗರದಾಗ ಒಂದ್ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡ್ಕೊಂತಿದ್ದೆ. ಲ್ಯಾಬ್ ನೋಡ್ಕೊಳ್ಳೂದಂದ್ರ ಎಲ್ಲಾನೂ ಬಂತು, ಪ್ರಿಂಟರ್‌ದಾಗ ಪೇಪರ್ ಸಿಕ್ಕೊಂಡ್ರೂ ನಾನ, ಪ್ರಿನ್ಸಿಪಾಲ್ ಸರ್ ಮೊಬೈಲಿಗೆ ವಾಟ್ಸಾಪ್ ಬರಲಿಲ್ಲಂದ್ರೂ ನಾನ. 30 ಸಿಸ್ಟಂ ಇದ್ವು, ಎಲ್ಲಕ್ಕೂ ಸೇರಿ 4 ಎಂಬಿಪಿಎಸ್‌ದ್ದು ಒಂದ ಲೈನ್. ಅದಕ್ಕ ಮೂಲ್ಯಾಗ ಬಿದ್ದಿದ್ದ ಹಳೇ ಡೆಸ್ಕ್‌ಟಾಪ್ ಒಂದಕ್ಕ ಉಬುಂಟು ಹಾಕಿ ಸ್ಕ್ವಿಡ್ ಪ್ರಾಕ್ಸಿ ಕುಂಡ್ರಿಸಿದ್ದೆ, ಅಂದ್ರ ಲ್ಯಾಬಿನ ಸಿಸ್ಟಂಗೂ ಹೊರಗಿನ ಲೈನಿಗೂ ನಡುವ ನಿಂತು ಕೇಳಿದ್ದನ್ನ ತರಿಸಿ ಕೊಡೂ ಪ್ರೋಗ್ರಾಂ. ಒಬ್ಬ ಹುಡುಗ ತಗದ ಫೋಟೊನ ಸ್ಕ್ವಿಡ್ ತನ್ನ ಕಡೆ ಇಟ್ಕೊಂಡ್ರ ಉಳದ 29 ಮಂದಿಗೆ ಅಲ್ಲಿಂದನ ಹಂಚತೈತಿ, ಹೊರಗಿನ ಲೈನಿಗೆ ತ್ರಾಸ್ ಇಲ್ಲ, ಅಷ್ಟ ನನ್ನ ಲೆಕ್ಕ. ಹಿಂಗ ಇಟ್ಕೊಳ್ಳೂದಕ್ಕ ಕ್ಯಾಶ್ ಅಂತಾರ.

ನಮ್ಮ ಹಿಸ್ಟರಿ ಮೇಡಂ ಭಾಳ ಹುರುಪಿನವರು. ಐಹೊಳಿ, ಬಾದಾಮಿ, ಪಟ್ಟದಕಲ್ಲು ತಿರಗಾಡಿ ತಾವ ಫೋಟೊ ತಗದು, ಒಬ್ಬ ಹಳೇ ವಿದ್ಯಾರ್ಥಿ ಕಡಿಂದ ಒಂದ್ ಸಣ್ಣ ವೆಬ್‌ಸೈಟ್ ಮಾಡಿಸಿದ್ರು. ಅದು ಇನ್ನೂ ಎಚ್‌ಟಿಟಿಪಿ ಸೈಟ್, ಆ ವರ್ಷ ಕ್ರೋಮ್ ಅಂಥವಕ್ಕೆಲ್ಲ ‘ನಾಟ್ ಸೆಕ್ಯೂರ್’ ಅಂತ ತೋರಸಾಕ ಚಾಲೂ ಮಾಡಿತ್ತು, ಮೇಡಂ ಅದನ್ನ ನೋಡಿ ಅಂಜಿದ್ರು. ನನಗ ಮಾತ್ರ ಅದು ಎಚ್‌ಟಿಟಿಪಿ ಇದ್ದದ್ದ ಚಲೋ ಆಗಿತ್ತು, ಯಾಕಂದ್ರ ಎಚ್‌ಟಿಟಿಪಿಎಸ್ ಇದ್ರ ಸ್ಕ್ವಿಡ್‌ಗೆ ಒಳಗಿಂದು ಏನೂ ಕಾಣಂಗಿಲ್ಲ, ಬರೇ ಪೈಪ್ ಹಂಗ ಆ ಕಡಿಂದ ಈ ಕಡೆ ಬಿಡತೈತಿ, ಇಟ್ಕೊಳ್ಳೂದು ದೂರ ಉಳೀತು.

ಒಂದ್ ಪೇಜಿನ್ಯಾಗ 18 ಫೋಟೊ, ಸರಾಸರಿ 3 ಎಂಬಿ. ಮೇಡಂಗ ಫೋಟೊ ಸಣ್ಣದ್ ಮಾಡ್ರಿ ಅಂದ್ರ ಕೇಳಂಗಿಲ್ಲ, "ಶಾಸನದ ಅಕ್ಷರ ಕಾಣಬೇಕ್ರೀ" ಅಂತಾರ. ಮೇಗುತಿ ಗುಡಿ ಶಾಸನದ ಫೋಟೊ ಒಂದ 6 ಎಂಬಿ. ಲೆಕ್ಕಾ ಹಾಕ್ರಿ, ಒಂದ್ ಸಿಸ್ಟಂಗೆ 54 ಎಂಬಿ, 30 ಸಿಸ್ಟಂಗೆ 1620 ಎಂಬಿ, 4 ಎಂಬಿಪಿಎಸ್ ಅಂದ್ರ, 8 ಬಿಟ್‌ಗೆ ಒಂದ್ ಬೈಟ್ ಲೆಕ್ಕದಾಗ, ಸೆಕೆಂಡಿಗೆ ಅರ್ಧ ಎಂಬಿ, ಒಟ್ಟು 54 ನಿಮಿಷ. ಪಿರಿಯಡ್ ಇರೂದ 55 ನಿಮಿಷ. ಕ್ಯಾಶ್ ಆದ್ರ ಎರಡ್ ನಿಮಿಷದ ಒಳಗ ಮುಗೀಬೇಕು.

ಮಂಗಳವಾರ ಕ್ಲಾಸ್‌ದಾಗ ದುರ್ಗಾ ಗುಡಿ ಫೋಟೊ 30 ಸ್ಕ್ರೀನಿನ ಮ್ಯಾಗೂ ಗೆರಿ ಗೆರಿ ಆಗಿ ಮ್ಯಾಲಿಂದ ಇಳ್ಯಾಕತ್ತಿತ್ತು. ಶಿಖರ ಬಂತು, ಕಂಬ ಬರವಲ್ವು. ಮೇಡಂ ಪಾಪ ನಿಂತಲ್ಲೆ ನಿಂತು, ದುರ್ಗಾ ಗುಡಿ ಅಂದ್ರ ದುರ್ಗಾದೇವಿ ಗುಡಿ ಅಲ್ಲ, ಕೋಟಿ ಮಗ್ಗಲ ಐತಿ ಅಂತ ದುರ್ಗದ ಗುಡಿ, ಹಿಂದಿನ ಭಾಗ ಆನಿ ಬೆನ್ನಿನಂಗ ದುಂಡಗ ಐತಿ ಅಂತ ಹೇಳ್ಕೋತ ಹೊತ್ತು ಕಳದ್ರು, ಆದ್ರ ಆ ಆನಿ ಬೆನ್ನು ಸ್ಕ್ರೀನಿನ ಮ್ಯಾಗ ಬರೂದ್ರಾಗ ಬೆಲ್ ಹೊಡೀತು. ಹೊರಗ ಬಂದು "ಸರ್, ನಿಮ್ಮ ಪ್ರಾಕ್ಸಿ ಏನ್ ಮಾಡ್ತೈತ್ರಿ" ಅಂದ್ರು. ಬೈಯಲಿಲ್ಲ ಖರೆ, ಬೈದಿದ್ರ ಚಲೋ ಇತ್ತು.

ಬುಧವಾರ ಮುಂಜಾನಿ ಕುಂತೆ. ಮೊದಲಿನ ತಪ್ಪು ಬ್ಯಾಗನ ಸಿಕ್ತು. ಕಾನ್ಫಿಗ್ ಫೈಲಿನ್ಯಾಗ ಕ್ಯಾಶ್ ಡೈರೆಕ್ಟರಿ ಅನ್ನೂ ಸಾಲಿನ ಮುಂದ ಹ್ಯಾಶ್ (#) ಹಂಗ ಉಳದಿತ್ತು, ಹ್ಯಾಶ್ ಇದ್ದ ಸಾಲನ್ನ ಸ್ಕ್ವಿಡ್ ಓದಂಗಿಲ್ಲ, ಅಂದ್ರ ಹಾರ್ಡ್‌ಡಿಸ್ಕಿಗೆ ಏನೂ ಬರ್ಯಾಕತ್ತಿರಲಿಲ್ಲ, ಬರೇ ರ‍್ಯಾಮ್. ರ‍್ಯಾಮಿನ್ಯಾಗರೆ 512 ಕೆಬಿಗಿಂತ ದೊಡ್ಡದು ಇಟ್ಕೊಳ್ಳಂಗಿಲ್ಲ, ಅದು ಅದರ ಡಿಫಾಲ್ಟ್. ಹ್ಯಾಶ್ ತಗದೆ. ಡಿಸ್ಕಿಗೂ 4 ಎಂಬಿ ಮಿತಿ ಐತಿ, ಮೇಗುತಿ ಶಾಸನ ಅದರಾಗ ಹಿಡ್ಯಾಂಗಿಲ್ಲ, ಅದನ್ನ 20 ಎಂಬಿ ಮಾಡಿದೆ. ಈ ಸಾಲು ಕ್ಯಾಶ್ ಡೈರೆಕ್ಟರಿ ಸಾಲಿಗಿಂತ ಮ್ಯಾಲ ಬರೀಬೇಕು, ಕೆಳಗ ಬರದ್ರ ಸುಮ್ನ ಕುಂಡ್ರತೈತಿ, ಎರರ್ ಸುದ್ದಾ ಕೊಡಂಗಿಲ್ಲ. ಇದನ್ನ ತಿಳ್ಕೊಳ್ಳಾಕ ಒಂದ್ ತಾಸು ಹೋತು. 634ರಾಗ ರವಿಕೀರ್ತಿ ಕವಿ ಬರಸಿದ್ದ ಆ ಮೇಗುತಿ ಶಾಸನಾನ ಕಲ್ಲು ಇವತ್ತಿಗೂ ಹಿಡ್ಕೊಂಡು ಕುಂತೈತಿ, ನನ್ನ ಸರ್ವರ್‌ಗೆ ಅದರ ಫೋಟೊ ಹತ್ತ ನಿಮಿಷ ಹಿಡ್ಯಾಕ ಆಗವಲ್ದು ಅಂತ ನನಗ ನಾನ ನಗಾಕತ್ತಿದ್ದೆ.

ಸ್ಕ್ವಿಡ್ ನಿಲ್ಲಿಸಿ, ಡೈರೆಕ್ಟರಿ ಮಾಡಿಸಿ, ಮತ್ತ ಚಾಲೂ ಮಾಡಿ, ಬ್ರೌಸರ್‌ದಾಗ ಸೈಟ್ ತಗದು, ಯಾರ್ ಏನ್ ಕೇಳಿದ್ರು ಅಂತ ಸ್ಕ್ವಿಡ್ ಬರದಿಡೂ ಲಾಗ್ ನೋಡಿದ್ನಿ. ಟಿಸಿಪಿ ಮಿಸ್, ಅಂದ್ರ ಫೋಟೊ ತನ್ನ ಕಡೆ ಇಲ್ಲ, ಹೊರಗಿಂದ ತರಿಸೈತಿ; ಇದ್ರ ಹಿಟ್ ಅಂತ ಬರಬೇಕು. ಮತ್ತ ತಗದೆ, ಮಿಸ್. ಮಗ್ಗಲ ಸಿಸ್ಟಂನಿಂದ ತಗದೆ, ಅದೂ ಮಿಸ್. ಕಂಟ್ರೋಲ್ ಎಫ್ ಫೈವ್ ಒತ್ತಿ ಒತ್ತಿ ಬಟನ್ ಸವದ್ವು, ಅದು ಒತ್ತಿದ್ರ ಬ್ರೌಸರ್ರ ‘ಹಳೇದ್ ಬ್ಯಾಡ, ಹೊಸದ ತಾ’ ಅಂತ ಪ್ರಾಕ್ಸಿಗೆ ಹೇಳತೈತಿ ಅನ್ನೂದು ಲಾಗಿನ್ಯಾಗ ಕ್ಲೈಂಟ್ ರಿಫ್ರೆಶ್ ಮಿಸ್ ಅಂತ ಕಂಡಮ್ಯಾಲೆ ನೆನಪಾತು. ಸರಿ, ಬ್ರೌಸರ್ ಬ್ಯಾಡ ಅಂತ ಟರ್ಮಿನಲ್‌ದಾಗ, ಬ್ರೌಸರ್ ಇಲ್ಲದ ಫೈಲ್ ತರಿಸೂ ಕರ್ಲ್ ಕಮಾಂಡ್‌ಗೆ ಪ್ರಾಕ್ಸಿ ಕೊಟ್ಟು ದುರ್ಗಾ ಗುಡಿ ಫೋಟೊದ ಅಡ್ರೆಸ್ ಕೈಲೆ ಟೈಪ್ ಮಾಡಿ ಎರಡ್ ಸಲ ತರಿಸಿದೆ. ಎರಡನೇ ಸಲಕ್ಕ ಹಿಟ್! ಮತ್ತ ಹೊಡದೆ, ಹಿಟ್. ಬ್ರೌಸರ್‌ಗೆ ಹೋದೆ, ಮಿಸ್. ಅದ ಫೋಟೊ, ಅದ ಪ್ರಾಕ್ಸಿ, ಕರ್ಲ್ ಕೇಳಿದ್ರ ಐತಿ ಅಂತೈತಿ, ಕ್ರೋಮ್ ಕೇಳಿದ್ರ ಇಲ್ಲ ಅಂತೈತಿ. ತಲಿ ಕೆಟ್ಟ ಹೋತ್ರಿ.

ನಡುವ ಆಫೀಸಿನ ಸುಪರಿಂಟೆಂಡೆಂಟ್ ಸರ್ ಬಾಗಲದಾಗ ಹಣಿಕಿ ಹಾಕಿ "ಏನಾತ್ರಿ" ಅಂದ್ರು, ನಾ "ಕ್ಯಾಶ್ ಆಗವಲ್ದ್ರಿ ಸರ್" ಅಂದೆ, ಅವರು "ಚೆಕ್ ಬರದ್ಕೊಡ್ಲೇನು?" ಅಂದ್ರು. ಚೇಷ್ಟಿ ಮಾಡಿದ್ರೋ ಖರೇನ ಕೇಳಿದ್ರೋ ಇವತ್ತಿಗೂ ಗೊತ್ತಿಲ್ಲ.

ಮಧ್ಯಾಹ್ನ ರೊಟ್ಟಿ ತಿಂದು ಮತ್ತ ಕುಂತೆ, ಕರೆಕ್ಟ್ ಅವಾಗ ಕರೆಂಟ್ ಹೋತು. ನಮ್ಮ ಯುಪಿಎಸ್ ಹತ್ತ ನಿಮಿಷ ಜೀವಾ ಹಿಡೀತಿತ್ತು, ಕೂಗಾಕ ಚಾಲೂ ಮಾಡ್ತು. ಸಿಸ್ಟಂ ಆರಿಸೂಕಿಂತ ಮೊದಲ ಲಾಗಿನ ಒಂದ್ ಸಾಲು ಬರದ್ ಇಟ್ಕೊಳ್ಳೂಣು, ಕರೆಂಟ್ ಇಲ್ಲದಾಗ ಕುಂತು ವಿಚಾರ ಮಾಡೂಣು ಅಂತ ಅಟೆಂಡೆನ್ಸ್ ಶೀಟಿನ ಹಿಂದ ಪೆನ್ನಲೆ ಬರ್ಯಾಕತ್ತಿದೆ. ಟೈಮ್, ಐಪಿ, ಟಿಸಿಪಿ ಮಿಸ್, ಗೆಟ್, ಅಡ್ರೆಸ್, ಸ್ಲ್ಯಾಶ್ ಫೋಟೊಸ್ ಸ್ಲ್ಯಾಶ್ ದುರ್ಗಾ ಡಾಟ್ ಜೆಪಿಜಿ, ಆಮ್ಯಾಗ ಒಂದ್ ‘?’. ಪೆನ್ನು ಅಲ್ಲೆ ನಿಂತ್ಬಿಡ್ತು. ಡಾಟ್ ಜೆಪಿಜಿ ಮುಂದ ‘?’ ಯಾಕ? ಮುಂಜಾನಿಂದ ನೂರು ಸಲ ಆ ಸಾಲು ಓದಿದ್ದೆ, ಜೆಪಿಜಿ ತನಕ ಓದಿ ಬಿಡ್ತಿದ್ದೆ. ಕೈಲೆ ಬರ್ಯಾಕ ಹತ್ತಿದ್ದಕ್ಕ ಕಣ್ಣಿಗೆ ಬಿತ್ತು. ಕರ್ಲ್‌ದಾಗ ನಾ ಟೈಪ್ ಮಾಡಿದ್ದ ಅಡ್ರೆಸಿಗೆ ಆ ‘?’ ಇರಲಿಲ್ಲ.

ಕರೆಂಟ್ ಬರಾಕ ನಾಲ್ಕ್ ಆತು. ಮೊಬೈಲಿನ್ಯಾಗ ಹುಡುಕ್ಯಾಡಿದಾಗ ಗೊತ್ತಾಗಿದ್ದೇನಂದ್ರ ಸ್ಕ್ವಿಡ್ ಲಾಗ್ ಬರೀಯೂ ಮುಂದ ‘?’ ಆದಮ್ಯಾಲೆ ಇರೂದನ್ನೆಲ್ಲ ತಾನ ಕತ್ತರಸಿ ಒಗೀತೈತಿ. ಮಂದಿ ಏನ್ ಹುಡುಕಿದ್ರು ಅನ್ನೂ ಗುಟ್ಟು ಲಾಗಿನ್ಯಾಗ ಬೀಳಬಾರದು ಅಂತ ಮಾಡ್ಯಾರ, ಒಳ್ಳೇ ಉದ್ದೇಶನ, ಆದ್ರ ನನಗ ಅದ ಹೊಡ್ತಾ ಕೊಡ್ತು. ಸ್ಟ್ರಿಪ್ ಕ್ವೆರಿ ಟರ್ಮ್ಸ್ ಅನ್ನೂದನ್ನ ಆಫ್ ಮಾಡಿ ಮತ್ತ ಸೈಟ್ ತಗದೆ. ಈಗ ಪೂರ್ತಿ ಬಂತು, ದುರ್ಗಾ ಡಾಟ್ ಜೆಪಿಜಿ, ‘?’, ಟಿ ಈಕ್ವಲ್ ಟು, ಮುಂದ ಹತ್ತ ಅಂಕಿ. ರಿಫ್ರೆಶ್ ಮಾಡಿದ್ರ ಕೊನೀ ಅಂಕಿ ಬ್ಯಾರೆ. ಅದು ಟೈಮ್ ರೀ, ಆ ಸೆಕೆಂಡಿನ ಟೈಮ್. ಸೆಕೆಂಡಿಗೊಂದು ಹೊಸಾ ಅಡ್ರೆಸ್. ಸ್ಕ್ವಿಡ್ ಪಾಪ ಪ್ರತಿ ಫೋಟೊ ಇಟ್ಕೊಂಡ ಇತ್ತು, ಡಿಸ್ಕಿನ್ಯಾಗ ದುರ್ಗಾ ಗುಡಿ ನೂರಾರು ಆಗಿ ಕುಂತಿದ್ವು, ಯಾವುದನ್ನೂ ಯಾರೂ ಎರಡನೇ ಸಲ ಕೇಳಾಕ ಬರವಲ್ರು.

ಸೈಟ್ ಮಾಡಿದ್ದ ಹುಡುಗಗ ಫೋನ್ ಹಚ್ಚಿದೆ, ಅವ ಬೆಂಗಳೂರಿನ್ಯಾಗ ಕೆಲಸದಾಗ ಇದ್ದ. "ಏನಪಾ, ಫೋಟೊಕ್ಕೆಲ್ಲ ಟೈಮ್ ಹಚ್ಚೀಯಲ್ಲ ಯಾಕ?" ಅಂದೆ.

"ಸರ್, ಮೇಡಂ ಬೈದಿದ್ರ್ಯಲ್ರಿ. ಲಾಡಖಾನ್ ಗುಡಿ ಫೋಟೊ ಹೋಗಿ ದುರ್ಗಾ ಗುಡಿ ಹೆಸರಿನ್ಯಾಗ ಕುಂತಿತ್ತು, ಬದಲ್ ಮಾಡಿದ್ರೂ ಅವರ ಲ್ಯಾಪ್‌ಟಾಪಿನ್ಯಾಗ ಹಳೇದ ಕಾಣ್ತಿತ್ತು. ದಿನಾ ಫೋನ್ ಮಾಡ್ತಿದ್ರು. ಅದಕ್ಕ ಟೈಮ್ ಹಚ್ಚಿಬಿಟ್ಟೆ, ಹಳೇದ್ ಬರೂ ಮಾತ ಇಲ್ಲ."

ಅವನ ತಪ್ಪು ಅನ್ನಾಕ ಬರಂಗಿಲ್ಲ. ಈಗಿನ ಟೈಮ್ ಬ್ಯಾಡಪಾ, ಆ ಫೋಟೊ ಫೈಲ್ ಕಡೀಕ ಯಾವಾಗ ಬದಲಾಗೈತಿ ಆ ಟೈಮ್ ಹಾಕು, ಪಿಎಚ್‌ಪಿಯೊಳಗ ಅದಕ್ಕ ಫೈಲ್ ಎಂ ಟೈಮ್ ಅಂತ ಫಂಕ್ಷನ್ ಐತಿ, ಫೋಟೊ ಬದಲಾದ್ರಷ್ಟ ಅಂಕಿ ಬದಲಾಗ್ತೈತಿ ಅಂತ ಹೇಳಿದೆ. ಚಾ ಕುಡದ್ ಬರೂದ್ರಾಗ ಮಾಡಿಬಿಟ್ಟಿದ್ದ.

ಈಗರೆ ಹಿಟ್ ಬರಬೇಕಿಲ್ರಿ? ರಿಫ್ರೆಶ್ ಅನ್‌ಮಾಡಿಫೈಡ್ ಅಂತ ಬಂತು. ಅಂದ್ರ ಫೋಟೊ ತನ್ನ ಕಡೆ ಐತಿ, ಆದ್ರ ಪ್ರತಿ ಸಲ ಮೂಲ ಸರ್ವರ್‌ಗೆ ಹೋಗಿ ‘ಬದಲಾಗೈತೇನು’ ಅಂತ ಕೇಳಿ ಬರಾಕತ್ತಿತ್ತು. ಇದು ಮಾತ್ರ ನನ್ನ ಸ್ವಂತ ಘನಕಾರ್ಯ. ಫೋಟೊ ಒಂದ್ ದಿನ ಇಟ್ಕೊ ಅಂತ ನಾ ಬರದಿದ್ದ ರಿಫ್ರೆಶ್ ಪ್ಯಾಟರ್ನ್ ಸಾಲು ಫೈಲಿನ ಕಟ್ಟಕಡೀಕ ಇತ್ತು, ಸ್ಕ್ವಿಡ್ ಮ್ಯಾಲಿಂದ ಓದ್ಕೋತ ಬಂದು ಯಾವ ಸಾಲು ಮೊದಲ ಹೊಂದತೈತಿ ಅದನ್ನ ಹಿಡೀತೈತಿ. ರೇಷನ್ ಅಂಗಡಿ ಪಾಳಿ ಇದ್ದಂಗ, ಕೊನೀಗೆ ನಿಂತವನ ಪಾಳಿ ಬರೂದ್ರಾಗ ಅಕ್ಕಿ ಖಾಲಿ. ಮ್ಯಾಲ ‘?’ ಇದ್ದ ಅಡ್ರೆಸಿಗೆಲ್ಲ ಸೊನ್ನಿ ನಿಮಿಷ ಅನ್ನೂ ಡಿಫಾಲ್ಟ್ ಸಾಲು ಮೊದಲ ಕುಂತಿತ್ತು. ಮತ್ತ ನನ್ನ ಸಾಲು ಜೆಪಿಜಿ ಅನ್ನೂದ್ರಾಗ ಅಡ್ರೆಸ್ ಮುಗೀಬೇಕು ಅಂತಿತ್ತು, ‘?’ ಇದ್ರ ಅಲ್ಲೂ ಹೊಂದಂಗಿಲ್ಲ. ಸಾಲು ಎತ್ತಿ ಮ್ಯಾಲ ಇಟ್ಟೆ, ಬಾಲಕ್ಕ ‘?’ ಬಂದ್ರೂ ನಡೀತೈತಿ ಅಂತ ತಿದ್ದಿದೆ.

ಹಿಟ್. ಎಲ್ಲಾ 18. ಲ್ಯಾಬಿಗೆ ಕೀಲಿ ಹಾಕಾಗ ಏಳು ಹೊಡದಿತ್ತು.

ಗುರುವಾರ ಅದ ಕ್ಲಾಸ್. ನಾ ಹಿಂದ ಸರ್ವರ್ ಮುಂದ ಲಾಗ್ ಬಿಟ್ಕೊಂಡು ಕುಂತಿದ್ದೆ, ಟಿಸಿಪಿ ಹಿಟ್ ಟಿಸಿಪಿ ಹಿಟ್ ಅಂತ ಸಾಲು ಓಡಾಕತ್ತಿದ್ವು, ಆನಿ ಬೆನ್ನು 30 ಸ್ಕ್ರೀನಿನ ಮ್ಯಾಗೂ ಒಮ್ಮೆಲೆ ಬಂತು, ಹಿಂದಿನ ಬೆಂಚಿನ ಹುಡುಗ್ರು ಶಾಸನದ ಫೋಟೊ ದೊಡ್ಡದ್ ಮಾಡಿ ಅಕ್ಷರ ಗುರ್ತ ಹಿಡ್ಯಾಕತ್ತಿದ್ರು. ಮೇಡಂ ಹೊರಗ ಹೋಗೂ ಮುಂದ ನನ್ನ ಕಡೆ ಬಂದು "ಭಾಳ ಲಗೂನ ಬಂತಲ್ರಿ ಸರ್ ಇವತ್ತ, ಲೈನ್ ಹೆಚ್ಚಿಗಿ ಮಾಡಿಸಿದ್ರೇನು?" ಅಂದ್ರು.

ಲಾಡಖಾನ್ ಗುಡಿ ಫೋಟೊದಿಂದ ಕಥಿ ಚಾಲೂ ಮಾಡಬೇಕಾಗತಿತ್ತು. "ಹೂಂ ರೀ ಮೇಡಂ" ಅಂದೆ.