ಹಳೇ ತಾರಸಿಗೆ ಸುಣ್ಣ: ಹದ ತಪ್ಪಬಾರದು

ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಳೇ ಆರ್‌ಸಿಸಿ ಮನೆಯಲ್ಲಿ ರಾತ್ರಿ ಹತ್ತಾದರೂ ಫ್ಯಾನ್ ಬಿಸಿಗಾಳಿಯನ್ನೇ ಬೀಸುವುದು ತಾರಸಿ ಹಗಲೆಲ್ಲ ಕುಡಿದ ಕಾವಿನಿಂದ. ಎಸಿಗೆ ದುಡ್ಡು ಸುರಿಯುವ ಮುಂಚೆ ಸುಣ್ಣ ಬಳಿದು ತಾರಸಿ ಬೆಳ್ಳಗಾಗಲಿ: ಬಿಳುಪು ಬಿಸಿಲನ್ನು ವಾಪಸ್ ಕಳಿಸುತ್ತದೆ.

ಮೊದಲು ಬಿರುಕು ಮುಚ್ಚಿ, ಪಾಚಿ ಕೆರೆದು ತೊಳೆಯಿರಿ. 10 ಕಿಲೋ ಅರಳಿದ ಸುಣ್ಣದ ಪುಡಿಯನ್ನು ಸುಮಾರು 20 ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಅರ್ಧ ಕಿಲೋ ಫೆವಿಕಾಲ್ ಕಲಸಿ. ಕುಂಚದಿಂದ ಇಳಿಯುವಾಗ ಹಾಲಿನಂತಿರಬೇಕು. ಮೊಸರಿನಂತೆ ಗಟ್ಟಿಯಾದರೆ ಒಣಗಿದ ಮೇಲೆ ಹಕ್ಕಳೆ ಏಳುತ್ತದೆ, ಎಲ್ಲರೂ ಎಡವುವುದು ಇಲ್ಲೇ. ತಾರಸಿಗೆ ನೀರು ಚಿಮುಕಿಸಿ, ಸಂಜೆ ಹೊತ್ತು ತೆಳ್ಳಗೆ ಬಳಿಯಿರಿ. ಮರುದಿನ ಅಡ್ಡಡ್ಡ ಇನ್ನೊಂದು ಕೋಟ್, ಬೇಕಾದರೆ ಮೂರನೆಯದು. ಮಧ್ಯಾಹ್ನ ಬಳಿದರೆ ಸುಣ್ಣ ಕಚ್ಚಿಕೊಳ್ಳದೆ ಅಂಗಾಲಿಗೆ ಪುಡಿ ಮೆತ್ತುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಬೇಕೇ ಬೇಕು.

ಧೂಳು ಕೂತರೆ ಫಲ ಇಳಿಯುತ್ತದೆ, ಆಗಾಗ ಗುಡಿಸಿ. ಪ್ರತಿ ಬೇಸಿಗೆಗೂ ಹೊಸದಾಗಿ ಬಳಿಯಬೇಕು. ಮಳೆನೀರು ಹಿಡಿಯುವವರು ಮೊದಲ ಮಳೆಗಳ ನೀರನ್ನು ಹೊರಬಿಡಿ.

ಪಡುವಣ ಕಿಟಕಿಗೆ ಒಳಗಿನ ಪರದೆಗಿಂತ ಹೊರಗೆ ಕಟ್ಟಿದ ಬಿದಿರಿನ ತಟ್ಟಿ ಮೇಲು: ಬಿಸಿಲು ಗಾಜು ಮುಟ್ಟುವುದೇ ಇಲ್ಲ. ಕಿಟಕಿಗಳನ್ನು ರಾತ್ರಿ ತೆರೆದಿಟ್ಟು, ಬೆಳಿಗ್ಗೆ ಎಂಟರೊಳಗೆ ಮುಚ್ಚಿಬಿಡಿ.