ಹೆಸರಿನಲ್ಲಿ ಉಳಿದ ದಿಕ್ಕು

2012ರ ಜೂನ್ 20, ಬುಧವಾರ. ಆಗ ನಾವು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾದ ಹೊರವಲಯದ ಒಂದು ಬಾಡಿಗೆ ಮನೆಯಲ್ಲಿದ್ದೆವು. ಎದುರು ಮನೆಯ ನಿವೃತ್ತ ಶಿಕ್ಷಕಿಯೊಬ್ಬರು, ಎಪ್ಪತ್ತು ದಾಟಿದ ಕಪ್ಪು ಜನಾಂಗದ ಮಹಿಳೆ, ತಮ್ಮ ಚರ್ಚಿನ ಬುಧವಾರದ ಊಟಕ್ಕೆ ನನ್ನನ್ನು ಕರೆದೊಯ್ದಿದ್ದರು. ವಾರದ ನಡುವೆ ಒಂದು ಸಂಜೆ ಒಟ್ಟಿಗೆ ಕೂತು ಉಂಡು, ಪ್ರಾರ್ಥನೆ ಮುಗಿಸಿ ಹೋಗುವುದು ಅಲ್ಲಿನ ಬ್ಯಾಪ್ಟಿಸ್ಟ್ ಪಂಥದ ಕ್ರೈಸ್ತರ ವಾಡಿಕೆ. ಕರಿದ ಕೋಳಿ, ಬೀನ್ಸ್, ಮೆಕ್ಕೆಜೋಳದ ಬ್ರೆಡ್ಡು, ನಮ್ಮ ಪಾನಕವನ್ನೂ ಸೋಲಿಸುವಷ್ಟು ಸಕ್ಕರೆ ಹಾಕಿದ ತಣ್ಣನೆಯ ಚಹಾ. ಇವಿಷ್ಟು ಅಂದಿನ ಊಟ. ಆದರೆ ಮಾತೆಲ್ಲ ನ್ಯೂ ಆರ್ಲಿಯನ್ಸಿನದು.

ಅಲ್ಲಿ ಆ ಚರ್ಚು ಸೇರಿದ್ದ ಒಕ್ಕೂಟವಾದ ಸದರ್ನ್ (ಎಂದರೆ ದಕ್ಷಿಣದ) ಬ್ಯಾಪ್ಟಿಸ್ಟ್ ಕನ್ವೆನ್ಷನ್ನಿನ ವಾರ್ಷಿಕ ಅಧಿವೇಶನ ನಡೆಯುತ್ತಿತ್ತು. ಹೆಸರು ಬದಲಿಸಬೇಕೇ ಎಂದು ಪರಿಶೀಲಿಸಲು ಹಿಂದಿನ ವರ್ಷ ಅಧ್ಯಕ್ಷ ಬ್ರಯಾಂಟ್ ರೈಟ್ ನೇಮಿಸಿದ್ದ ಕಾರ್ಯಪಡೆಯು ಒಂದು ಮಧ್ಯದ ದಾರಿಯನ್ನು ಸೂಚಿಸಿತ್ತು: ಕಾನೂನಿನ ಹೆಸರು ಇದ್ದಂತೆಯೇ ಇರಲಿ, ಬೇಕೆನ್ನುವ ಸಭೆಗಳು, ಅಂದರೆ ಸ್ಥಳೀಯ ಚರ್ಚುಗಳು, ತಮ್ಮನ್ನು 'ಗ್ರೇಟ್ ಕಮಿಷನ್ ಬ್ಯಾಪ್ಟಿಸ್ಟ್ಸ್' ಎಂದು ಕರೆದುಕೊಳ್ಳಲಿ. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಯೇಸು ಶಿಷ್ಯರಿಗೆ ಕೊಟ್ಟ ಮಹಾ ಆಜ್ಞೆಯಿಂದ ಎತ್ತಿಕೊಂಡ ಹೆಸರು ಅದು. ಪ್ರತಿನಿಧಿಗಳಲ್ಲಿ ಶೇಕಡಾ 53ರಷ್ಟು ಜನ ಮಾತ್ರ ಇದಕ್ಕೆ ಒಪ್ಪಿದ್ದರು.

ನಮ್ಮ ಮೇಜಿನ ಚರ್ಚೆ ಬಹಳ ಹೊತ್ತು ಲೆಕ್ಕಾಚಾರದಲ್ಲೇ ಸುತ್ತಿತು. ಉತ್ತರ ಮತ್ತು ಪಶ್ಚಿಮದ ರಾಜ್ಯಗಳಲ್ಲಿ ಹೊಸ ಸಭೆ ಕಟ್ಟಲು ಹೊರಟವರಿಗೆ 'ಸದರ್ನ್' ಎಂಬ ಪದವೇ ಅಡ್ಡ ಬರುತ್ತದೆ ಎಂದು ಯುವ ಸಭಾಪಾಲಕರು ಹೇಳಿದರು. ಉತ್ತರದ ಬ್ಯಾಪ್ಟಿಸ್ಟರು 1950ರಲ್ಲಿಯೇ 'ನಾರ್ದರ್ನ್' ಎಂಬುದನ್ನು ಬಿಟ್ಟು 'ಅಮೆರಿಕನ್' ಎಂದು ಬದಲಿಸಿಕೊಂಡದ್ದನ್ನು ಅವರೇ ನೆನಪಿಸಿದರು. ಚರ್ಚಿನ ಆಡಳಿತದಲ್ಲಿ ನೆರವಾಗುವ ಹಿರಿಯ ಡೀಕನ್ ಒಬ್ಬರು ಅದಕ್ಕೆ ವಕೀಲರ ಖರ್ಚು, ಉಯಿಲುಗಳಲ್ಲಿ ಹಳೆಯ ಹೆಸರಿಗೆ ಬರೆದಿಟ್ಟ ಆಸ್ತಿ, ಫಲಕ, ಕಾಗದಪತ್ರ ಎಂದು ಒಂದೊಂದನ್ನೇ ಬೆರಳು ಮಡಚಿ ಎಣಿಸಿ, ಕೊನೆಗೆ ನಕ್ಕು, "ನಮ್ಮ ಫಲಕದ ಮೇಲೆ ಆ ಪದ ಎಂದೂ ಇರಲಿಲ್ಲವಲ್ಲ" ಎಂದರು. ನಿಜ, ಹೊರಗಿನ ಫಲಕದಲ್ಲಿ ಊರಿನ ಹೆಸರು ಮತ್ತು 'ಬ್ಯಾಪ್ಟಿಸ್ಟ್' ಎಂಬ ಪದ ಮಾತ್ರ ಇದ್ದವು. ಬ್ಯಾಪ್ಟಿಸ್ಟರಲ್ಲಿ ಪ್ರತಿಯೊಂದು ಸಭೆಯೂ ಸ್ವತಂತ್ರ; ಕನ್ವೆನ್ಷನ್ ಏನನ್ನೇ ನಿರ್ಧರಿಸಿದರೂ ಅದು ಸ್ಥಳೀಯ ಸಭೆಯನ್ನು ಕಟ್ಟಿಹಾಕುವುದಿಲ್ಲ.

ನನಗೆ ಆಗ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ ನೆನಪಾಯಿತು. 1973ರಲ್ಲಿ ಅದನ್ನು ಆರಂಭಿಸಿದ್ದು ಇದೇ ಕನ್ವೆನ್ಷನ್ನಿನ ವಿದೇಶಿ ಮಿಷನ್ ಮಂಡಳಿ. ನನ್ನ ಅಕ್ಕನ ಇಬ್ಬರು ಮಕ್ಕಳೂ ಹುಟ್ಟಿದ್ದು ಅಲ್ಲಿಯೇ. ಆದರೆ ಬೆಂಗಳೂರಿನಲ್ಲಿ ಯಾರ ಬಾಯಲ್ಲೂ ಆ 'ಸದರ್ನ್' ಕೇಳಿದ ನೆನಪು ನನಗಿಲ್ಲ. ಕಡಲು ದಾಟುವಾಗ ದಿಕ್ಕು ಎಲ್ಲಿಯೋ ಕಳಚಿಬಿದ್ದಿತ್ತು. ಇದನ್ನು ಹೇಳಿದಾಗ ಎಲ್ಲರಿಗೂ ಸಂತೋಷವಾಯಿತು. ಆ ಸಂತೋಷದಲ್ಲಿ ನಾನು ಇನ್ನೊಂದು ಮಾತನ್ನೂ ಆಡಿಬಿಟ್ಟೆ.

ನಾನು ಮಂಗಳೂರಿನವಳು. 1834ರಲ್ಲಿ ನಮ್ಮೂರಿಗೆ ಬಂದ ಬಾಸೆಲ್ ಮಿಶನ್ನಿನವರು ಕಟ್ಟಿದ ಸಭೆ ನಮ್ಮದು. ದಕ್ಷಿಣ ಭಾರತ ಸಭೆಗೆ (ಸಿ.ಎಸ್.ಐ.) ಸೇರಿ, ಕಾಗದದ ಮೇಲೆ ಹೆಸರು ಬದಲಾಗಿ ಎಷ್ಟೋ ಕಾಲವಾಗಿದ್ದರೂ ನನ್ನ ಅಜ್ಜಿ ಸಾಯುವವರೆಗೆ ತನ್ನನ್ನು 'ಬಾಸೆಲ್ ಮಿಶನ್ನಿನವಳು' ಎಂದೇ ಹೇಳಿಕೊಂಡಳು. ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡಿನ ಒಂದು ಊರು ಎಂಬುದೂ ಅವಳಿಗೆ ಸರಿಯಾಗಿ ತಿಳಿದಿರಲಿಲ್ಲ. ಇದನ್ನೆಲ್ಲ ವಿವರಿಸಿ, ಹೆಸರು ಎಂಬುದು ಬರಿಯ ರೂಢಿ, ಅದಕ್ಕಾಗಿ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದೆ. ಡೀಕನ್ ಮಹಾಶಯರು ಜೋರಾಗಿ ತಲೆಯಾಡಿಸಿದರು. ನನ್ನನ್ನು ಕರೆತಂದ ಶಿಕ್ಷಕಿ ಮಾತ್ರ ಫೋರ್ಕನ್ನು ತಟ್ಟೆಯ ಅಂಚಿಗೆ ಇಟ್ಟರು.

"ನಿಮ್ಮ ಅಜ್ಜಿಯ ಹೆಸರು ಒಂದು ಊರಿನದು. ಇದು ಊರೂ ಅಲ್ಲ, ದಿಕ್ಕೂ ಅಲ್ಲ, ಒಂದು ಜಗಳದಲ್ಲಿ ಹಿಡಿದ ಪಕ್ಷ" ಎಂದರು. ದನಿ ಏರಿರಲಿಲ್ಲ, ತರಗತಿಯಲ್ಲಿ ಪಾಠ ಹೇಳಿ ರೂಢಿಯಾದವರ ಹದ ಅದರಲ್ಲಿತ್ತು. ಗುಲಾಮರನ್ನು ಇಟ್ಟುಕೊಂಡವನು ಮಿಷನರಿ ಆಗಬಹುದೇ ಎಂಬ ಪ್ರಶ್ನೆ 1844ರಲ್ಲಿ ಎದ್ದಾಗ, ಇದೇ ಜಾರ್ಜಿಯಾದ ಬ್ಯಾಪ್ಟಿಸ್ಟರು ಬೇಕೆಂದೇ ಅಂಥ ಒಬ್ಬನ ಹೆಸರನ್ನು ಮುಂದೆ ಮಾಡಿದರು. ಮಿಷನ್ ಸಂಘ ಆ ಹೆಸರನ್ನು ಪರಿಗಣಿಸಲು ಒಪ್ಪಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ದಕ್ಷಿಣದವರು ಆಗಸ್ಟಾದಲ್ಲಿ ಕೂಡಿ ಬೇರೆಯೇ ಕನ್ವೆನ್ಷನ್ ಕಟ್ಟಿಕೊಂಡರು. ಆಗಸ್ಟಾ ನಾವು ಕುಳಿತಿದ್ದ ಜಾಗದಿಂದ ಕಾರಿನಲ್ಲಿ ಎರಡೂವರೆ ತಾಸಿನ ದಾರಿ. 1995ರಲ್ಲಿ, ನೂರೈವತ್ತು ವರ್ಷ ತುಂಬಿದಾಗ, ಅಟ್ಲಾಂಟಾದ ಅಧಿವೇಶನದಲ್ಲಿ ಗುಲಾಮಗಿರಿಗೂ ಜನಾಂಗದ್ವೇಷಕ್ಕೂ ಕನ್ವೆನ್ಷನ್ ಕ್ಷಮೆ ಕೇಳಿತು. ಅಂದು ಸಭಾಂಗಣದಲ್ಲಿ ತಾವೂ ಇದ್ದುದಾಗಿ ಅವರು ಹೇಳಿದರು.

ಯಾರೂ ಕೆಲ ಹೊತ್ತು ಮಾತಾಡಲಿಲ್ಲ. ನನ್ನ ಮುಖ ಬಿಸಿಯಾಗಿತ್ತು. ಸಭಾಪಾಲಕರು ಮಾತನ್ನು ತಿಳಿಗೊಳಿಸಲೆಂಬಂತೆ, ಹಿಂದಿನ ದಿನವಷ್ಟೇ ನ್ಯೂ ಆರ್ಲಿಯನ್ಸಿನ ಫ್ರೆಡ್ ಲೂಟರ್ ಅಧ್ಯಕ್ಷರಾಗಿ ಆಯ್ಕೆಯಾದದ್ದನ್ನು ಪ್ರಸ್ತಾಪಿಸಿದರು. ಆ ಸ್ಥಾನಕ್ಕೆ ಬಂದ ಮೊದಲ ಆಫ್ರಿಕನ್ ಅಮೆರಿಕನ್ ಅವರು. ಆಯ್ಕೆಯ ದಿನವೂ ಜೂನ್ 19, ಗುಲಾಮರ ಬಿಡುಗಡೆಯ ನೆನಪಿಗೆ ಕಪ್ಪು ಜನರು ಆಚರಿಸುವ ದಿನ. "ಹೌದು, ನಿನ್ನೆ ಟಿವಿ ಮುಂದೆ ಕೂತು ಅತ್ತೆ" ಎಂದು ಶಿಕ್ಷಕಿ ನಕ್ಕರು.

ಹಾಗಾದರೆ ಹೆಸರು ಬದಲಾಗಬೇಕು ಎನ್ನುತ್ತೀರಾ ಎಂದು ಮನೆಗೆ ಮರಳುವಾಗ ಕಾರಿನಲ್ಲಿ ಕೇಳಿದೆ. ನಾನು ನಿರೀಕ್ಷಿಸಿದ ಉತ್ತರ ಬರಲಿಲ್ಲ. ಬದಲಾಗಬೇಕು, ಆದರೆ ಉತ್ತರದಲ್ಲಿ ಸಭೆ ಬೆಳೆಯುವುದಿಲ್ಲ ಎಂಬ ಕಾರಣಕ್ಕೆ ಅಲ್ಲ. ಹಾಗೆ ಬದಲಿಸುವುದಾದರೆ ಹಳೆಯದೇ ಇರಲಿ, ಕನಿಷ್ಠ ನಿಮ್ಮಂಥವರು ಯಾಕೆ ಈ ಹೆಸರು ಎಂದು ಕೇಳುತ್ತೀರಿ ಎಂದರು. ನಾನು ಕೇಳಿರಲಿಲ್ಲ, ಕೇಳುವ ಅಗತ್ಯವೇ ಇಲ್ಲ ಎಂದಿದ್ದೆ. ಅದನ್ನು ಅವರು ಎತ್ತಿ ಆಡಲಿಲ್ಲ.

ನನ್ನ ಅಭಿಪ್ರಾಯ ಅವರದಕ್ಕಿಂತ ತುಸು ಬೇರೆ. ಮತ ಹಾಕುವ ಹಕ್ಕು ಇದ್ದಿದ್ದರೆ ನಾನು ಪೂರ್ತಿ ಬದಲಾವಣೆಗೇ ಹಾಕುತ್ತಿದ್ದೆ. ಕಾರಣ ಏನೇ ಇರಲಿ, ಸಭೆಗೆ ಹೊಸದಾಗಿ ಬರುವ ಕಪ್ಪು ಮಗುವೊಂದು ಆ ಪಕ್ಷದ ಹೆಸರನ್ನು ಹೊರಬೇಕಾಗಿಲ್ಲ. ಬೇಕಾದವರಿಗೆ ಒಂದು, ಬೇಡದವರಿಗೆ ಇನ್ನೊಂದು ಎಂಬ ಏರ್ಪಾಡು ನನಗೆ ಅಂದೂ ಹಿಡಿಸಲಿಲ್ಲ. 2021ರ ಅಧಿವೇಶನಕ್ಕೆ ಆ ಐಚ್ಛಿಕ ಹೆಸರನ್ನೇ ಘೋಷವಾಕ್ಯದಲ್ಲಿ ಇಟ್ಟುಕೊಂಡರು, ಆದರೆ ಕಾನೂನಿನ ಹೆಸರು ಹಳೆಯದೇ ಉಳಿಯಿತು.

ಆ ಸುದ್ದಿ ಓದಿದ ದಿನ ಶಿಕ್ಷಕಿಗೆ ಫೋನ್ ಮಾಡಿದೆ. ಅವರು ಅದರ ಬಗ್ಗೆ ಎರಡೇ ಮಾತು ಆಡಿ, ಬುಧವಾರದ ಊಟ ಸೋಂಕಿನ ಕಾಲದಲ್ಲಿ ನಿಂತದ್ದು ಈಗ ಮತ್ತೆ ಶುರುವಾಗಿದೆ, ಚಹಾಕ್ಕೆ ಸಕ್ಕರೆ ಮಾತ್ರ ಕಡಿಮೆ ಮಾಡಿದ್ದಾರೆ ಎಂದು ದೂರಿದರು.